ಹಳೇಕೋಟೆ ಶಾಲೆಯ ಅರಳೆ ಆಟ

ಪರಮಶಿವಯ್ಯ ಮೇಷ್ಟ್ರು ನಮ್ಮ ಶಾಲೆಗೆ ಬಂದ ಮೊದಲ ದಿನ "ನಿಮ್ಮದು ಯಾವೂರು?" ಎಂದು ಕೇಳಿದರು. ಇಡೀ ಶಾಲೆ ಒಂದೇ ದನಿಯಲ್ಲಿ "ಅಳೇಕೋಟೆ ಸಾ" ಎಂದಿತು. ಮೇಷ್ಟ್ರು ಹಣೆ ಚಚ್ಚಿಕೊಂಡರು. ಪಾಪ, ಹಾಸನದಲ್ಲಿ ಮೇಷ್ಟ್ರ ತರಬೇತಿ ಮುಗಿಸಿ ಬಂದವರು. ನಮ್ಮ ಬಾಯಲ್ಲಿ ಹಾಸನವೇ ಆಸನವಾಗಿತ್ತು. ಅವರು "ಹಾಡು" ಎಂದರೆ ನಾವು ಆಡುವುದಕ್ಕೆ ಬಯಲಿಗೆ ಓಡುತ್ತಿದ್ದೆವು. ಬೇಕೆಂದೇ ಓಡುವವರೂ ಅದರಲ್ಲಿ ಇದ್ದರು.

ಯುದ್ಧ ಶುರುವಾಗಿ ಸೀಮೆಎಣ್ಣೆಗೂ ತತ್ವಾರವಾಗಿದ್ದ ಕಾಲ ಅದು. ಮೇಷ್ಟ್ರು ಹೊಡೆಯುವ ಜಾತಿಯಲ್ಲ. ಅವರ ಬೆತ್ತ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಒಂದು ದಿನ ಚನ್ನಪ್ಪ ಪುಸ್ತಕ ಹಿಡಿದು "ಅಸು ಆಲು ಕೊಡುತ್ತದೆ" ಎಂದು ಓದಿದ.

"ಅಸು ಅಂದರೆ ಪ್ರಾಣ ಕಣೋ. ನಿಮ್ಮ ಮನೆ ಕೊಟ್ಟಿಗೇಲಿ ಪ್ರಾಣ ಕಟ್ಟಿದ್ದೀರೇನೋ?"

"ಊಂ ಸಾ, ಎಲ್ಡವೆ."

ಮೇಷ್ಟ್ರು ನಕ್ಕೂ ನಕ್ಕೂ ಸುಸ್ತಾದರು. ನಮ್ಮ ನಾಲಿಗೆಯನ್ನು ತಿದ್ದಲು ಅವರು ಹೂಡಿದ್ದೇ ಅರಳೆ ಆಟ.

ಪರೀಕ್ಷೆ ಮುಗಿದು ಬೇಸಿಗೆ ರಜ ಬರುವ ಮುಂಚೆ ಶಾಲೆಯಲ್ಲಿ ಪಾಠವಿರುತ್ತಿರಲಿಲ್ಲ. ಹುಡುಗರು ಗೋಡೆಗೆ ಸುಣ್ಣ ಬಳಿಯುತ್ತಿದ್ದರು, ಹುಡುಗಿಯರು ನೆಲ ಸಾರಿಸುತ್ತಿದ್ದೆವು. ಮಧ್ಯಾಹ್ನವೆಲ್ಲ ಒಗಟು, ಲೆಕ್ಕದ ಆಟ. ಕೊನೆಯ ದಿನ ಮಾತ್ರ ಅರಳೆ. ಆ ಹೊತ್ತಿಗೆ ಕೆರೆ ಏರಿಯ ಬೂರುಗದ ಕಾಯಿ ಒಡೆದು ಅರಳೆ ಉದುರಿರುತ್ತಿತ್ತು. ಒಂದು ಚಿಟಿಕೆ ಅರಳೆಯನ್ನು ಅಂಗೈಯಲ್ಲಿಟ್ಟು ಬಾಯ ಹತ್ತಿರ ಹಿಡಿದು "ಹಳೇಕೋಟೆ" ಎನ್ನಬೇಕು. ಹ ಸರಿಯಾಗಿ ಬಂದರೆ ಅರಳೆ ಹಾರುತ್ತದೆ, ಅ ಎಂದರೆ ಅಲ್ಲೇ ಕೂತಿರುತ್ತದೆ. ಊದುವ ಹಾಗಿಲ್ಲ. ಚನ್ನಪ್ಪ ಊದಿಯೇ ಹಾರಿಸಿ ಪ್ರತಿ ವರ್ಷ ಸಿಕ್ಕಿಬೀಳುತ್ತಿದ್ದ.

ಮೇಷ್ಟ್ರ ಮಗಳು ಗಂಗಾಂಬಿಕೆ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ತಾಯಿ ಇಲ್ಲದ ಹುಡುಗಿ, ಜೊತೆಗೆ ಹುಟ್ಟಿದಾಗಿನಿಂದ ಉಬ್ಬಸ. ಅವಳ ಹ ಅಚ್ಚುಕಟ್ಟಾಗಿತ್ತು, ಮೇಷ್ಟ್ರ ಮಗಳಲ್ಲವೇ? ಆದರೆ ಅರಳೆಯನ್ನು ಎಬ್ಬಿಸುವಷ್ಟು ಉಸಿರು ಎದೆಯಲ್ಲಿರಲಿಲ್ಲ. ನಾವೆಲ್ಲ ಹಾರಿಸಿ ಕುಣಿಯುವಾಗ ಅವಳು ತನ್ನ ಅಂಗೈಯನ್ನೇ ನೋಡುತ್ತ ಕೂತಿರುತ್ತಿದ್ದಳು. "ಒಂದ್ಸಲ ಹಾರಿದ್ರೆ ಸಾಕು ಕಣೇ" ಎಂದು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಳೋ.

ಒಂದು ವರ್ಷ ಮೇಷ್ಟ್ರಿಗೂ ಅದೇ ಹಟ ಹಿಡಿಯಿತು. ಹ ಹೇಳಿಸಿ ಹೇಳಿಸಿ ಮಗಳ ಎದೆ ಅಗಲವಾದರೆ ಉಬ್ಬಸವೂ ಹಿಂದೆ ಸರಿದೀತು ಎಂಬ ಆಸೆ. ಹೊಳೆನರಸೀಪುರದ ಡಾಕ್ಟರ ಔಷಧ ನಾಟಿರಲಿಲ್ಲ; ಮೇಷ್ಟ್ರಾದರೂ ಏನು ಮಾಡಿಯಾರು? ಸಂಜೆಯಾದರೆ ಜಗಲಿಯ ಮೇಲೆ ಅಪ್ಪ ಮಗಳು ಎದುರುಬದುರು ಕೂತು ಹ, ಹಾ, ಹಿ, ಹೀ ಎನ್ನುತ್ತಿದ್ದರು. ಮೇಷ್ಟ್ರ ತಾಯಿ ಶಿವಗಂಗಮ್ಮನಿಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು.

"ಮಗಿನ ಉಸ್ರನ್ನೆಲ್ಲಾ ಈಚ್ಗೆ ಎಳ್ದು ಆಕ್ಬ್ಯಾಡ ಕಣಪ್ಪ. ಇರಾದೇ ಒಸಿ."

"ಸುಮ್ಮನಿರವ್ವ, ಒಳ್ಳೇದಾಗುತ್ತೆ" ಎನ್ನುತ್ತಿದ್ದರು ಮೇಷ್ಟ್ರು.

ಕೊನೆಯ ದಿನ ಬಂತು. ಎಲ್ಲರದೂ ಆದ ಮೇಲೆ ಗಂಗಾಂಬಿಕೆ ಎದ್ದು ನಿಂತಳು. ಮೇಷ್ಟ್ರು ತಾವೇ ಅರಳೆಯನ್ನು ಬಿಡಿಸಿ ತೆಳ್ಳಗೆ ಮಾಡಿ ಅವಳ ಅಂಗೈಗಿಟ್ಟರು. ಅವಳು ಕಣ್ಣು ಮುಚ್ಚಿ "ಹಳೇಕೋಟೆ" ಎಂದಳು. ಅರಳೆ ಎದ್ದಿತು! ಅಂಗೈ ಬಿಟ್ಟು, ಅವಳ ತಲೆ ದಾಟಿ, ಕಿಟಕಿಯ ಕಡೆ ತೇಲಿತು. "ಓಯ್ತು ಕಣ್ಲಾ, ಓಯ್ತು!" ಎಂದು ಚನ್ನಪ್ಪ ಕೂಗಿದ. ಶಾಲೆಯೆಲ್ಲ ಕುಣಿಯಿತು. ಮೇಷ್ಟ್ರು ಮಗಳನ್ನು ಎತ್ತಿಕೊಂಡೇಬಿಟ್ಟರು. ಅವಳು ಕೆಮ್ಮುತ್ತಲೇ ನಗುತ್ತಿದ್ದಳು. ಅವಳಷ್ಟು ಸಂತೋಷಪಟ್ಟವರನ್ನು ನಾನು ಆಮೇಲೆ ಕಂಡಿಲ್ಲ.

ಆ ಕೆಮ್ಮು ನಿಲ್ಲಲಿಲ್ಲ. ರಜದಲ್ಲಿ ಉಬ್ಬಸ ಹೆಚ್ಚಾಗಿ ಅವಳು ಹಾಸಿಗೆ ಹಿಡಿದಳು. ಒಂದು ಬೆಳಗ್ಗೆ ಶಿವಗಂಗಮ್ಮನ ಕೂಗು ಕೇಳಿ ನನ್ನವ್ವ ಓಡಿದಳು, ನಾನೂ ಹಿಂದೆಯೇ ಓಡಿದೆ. ಗಂಗಾಂಬಿಕೆ ಅಪ್ಪನ ತೊಡೆಯ ಮೇಲೆ ಮಲಗಿದ್ದಳು. ಉಸಿರಿದೆ, ಇಲ್ಲ ಎಂದು ಜನ ತಲೆಗೊಂದು ಮಾತಾಡುತ್ತಿದ್ದರು. ಊರಿನ ಹಿರಿಯರು ರಾಮಣ್ಣನವರು, "ಒಸಿ ಅರಳೆ ತತ್ತಾ, ಮೂಗಿನತ್ರ ಇಡ್ದು ನೋಡುವ" ಎಂದರು. ಶಾಲೆಯ ಆಟದಲ್ಲಿ ಉಳಿದ ಅರಳೆ ಮನೆಯ ಗೋಡೆಗೂಡಿನಲ್ಲೇ ಇತ್ತು. ಮೇಷ್ಟ್ರೇ ಒಂದು ಚಿಟಿಕೆ ತೆಗೆದು, ಅವತ್ತಿನ ಹಾಗೆಯೇ ಬಿಡಿಸಿ ತೆಳ್ಳಗೆ ಮಾಡಿ, ಮಗಳ ಮೂಗಿನ ಹತ್ತಿರ ಹಿಡಿದರು.

"ಹ ಅನ್ನು ಮಗ" ಎಂದರು. "ಒಂದ್ಸಲ ಅನ್ನವ್ವ."

ಅರಳೆ ಅಲುಗಲಿಲ್ಲ. ಅವರು ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಕೊನೆಗೆ ರಾಮಣ್ಣನವರೇ ಅವರ ಕೈ ಹಿಡಿದು ಕೆಳಗಿಳಿಸಿದರು. ನನಗೆ ದೇವರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ರಜ ಮುಗಿದ ಮೇಲೆ ಮೇಷ್ಟ್ರು ಶಾಲೆಗೆ ಬಂದರು. ಪಾಠ ಮಾಡಿದರು, ಲೆಕ್ಕ ಹೇಳಿಕೊಟ್ಟರು. ನಾವು ಅಸು ಎಂದರೂ, ಆಲು ಎಂದರೂ ತಿದ್ದಲಿಲ್ಲ. ತಾಯಿಯ ಮಾತು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ತಾನೇ ಮಗಳ ಉಸಿರನ್ನು ಎಳೆದು ಹಾಕಿದೆ ಎಂದು ನಂಬಿದ್ದರು. ಹಾಗಲ್ಲ ಎಂದು ಯಾರು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮತ್ತೆ ಬೇಸಿಗೆ ಬಂದಾಗ ಚನ್ನಪ್ಪ ಪಂಚೆ ತುಂಬ ಅರಳೆ ಆರಿಸಿ ತಂದ. "ದಿಂಬಿಗೆ ತುಂಬಿಸ್ಕೊಳ್ಳಪ್ಪ, ನಿಮ್ಮವ್ವನಿಗೆ ಕೊಡು" ಎಂದು ವಾಪಸು ಕಳಿಸಿದರು.

ಅದೇ ವಾರ ಶಾಲೆ ತನಿಖೆಗೆ ಇನ್‌ಸ್ಪೆಕ್ಟರು ಬಂದರು. ಅವರ ದುರದೃಷ್ಟಕ್ಕೋ ನಮ್ಮದಕ್ಕೋ, ಚನ್ನಪ್ಪನನ್ನೇ ಎಬ್ಬಿಸಿ ಓದಿಸಿದರು.

"ಅಸು ಆಲು ಕೊಡುತ್ತದೆ."

"ಏನ್ರೀ ಮೇಷ್ಟ್ರೇ ಇದು! ಹಕಾರ ಹೇಳಿಕೊಡೋದಿಲ್ವೇ ನೀವು?"

"ಹೇಳಿಕೊಡ್ತಿದ್ದೆ ಸ್ವಾಮಿ" ಎಂದರು ಮೇಷ್ಟ್ರು, ತಲೆ ತಗ್ಗಿಸಿ.

ಇನ್‌ಸ್ಪೆಕ್ಟರು ಬಾಯಿಗೆ ಬಂದ ಹಾಗೆ ಬಯ್ಯತೊಡಗಿದರು. ಇಂಥವರನ್ನು ಕೆಲಸದಲ್ಲಿ ಯಾಕಿಟ್ಟುಕೊಳ್ಳಬೇಕು ಎಂದೂ ಅಂದರು. ಚನ್ನಪ್ಪನಿಗೆ ತಡೆಯಲಾಗಲಿಲ್ಲ. ಅಷ್ಟು ವರ್ಷ ಊದಿ ಮೋಸ ಮಾಡುತ್ತಿದ್ದ ಹುಡುಗ ಎದೆಯುಬ್ಬಿಸಿ ಹೇಳಿದ: "ಹಸು! ಹಾಲು! ಹಳೇಕೋಟೆ! ಎಲ್ಲಾ ಬತ್ತದೆ ಸಾ, ನಮ್ಮ ಮೇಷ್ಟ್ರೇ ಹೇಳ್ಕೊಟ್ರು. ಹ! ಹಾ! ಹಿ!"

ಮೇಷ್ಟ್ರು ಓಡಿ ಹೋಗಿ ಅವನ ಬಾಯಿಗೆ ಅಂಗೈ ಅಡ್ಡ ಹಿಡಿದರು.

"ಸಾಕು ಮಗ, ಸಾಕು. ಉಸಿರು ಇಟ್ಕೋ."

ಚನ್ನಪ್ಪ ಏದುಸಿರು ಬಿಡುತ್ತಿದ್ದ. ಆ ಉಸಿರು ಅಂಗೈಗೆ ಬಡಿಯುತ್ತಲೇ ಇತ್ತು. ಮೇಷ್ಟ್ರು ಕೈ ತೆಗೆಯಲಿಲ್ಲ. ಇನ್‌ಸ್ಪೆಕ್ಟರ ಎದುರಿಗೇ ಹಾಗೇ ನಿಂತು ಅಳತೊಡಗಿದರು.