ರಂಗನಾಯಕಿ ತುಂಬಿಸಿದ ಬಾಟಲಿ

ನಮ್ಮ ಎದುರು ಮನೆಯ ರಂಗನಾಯಕಿಗೆ ಇನ್ನೊಬ್ಬರ ಕೆಲಸ ಕಂಡರೆ ಕೈ ಸುಮ್ಮನಿರುವುದಿಲ್ಲ. ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ಯಾರ ಮನೆಯ ನೂಲಾದರೂ ಸುತ್ತಿಕೊಡುತ್ತಾಳೆ. ಒಮ್ಮೆ ನನ್ನ ಗಂಡನಿಗೆ ಮಂಡಿ ನೋವೆಂದು, ಅವನು ಹೊತ್ತ ಹರಕೆಗೆ ತಾನೇ ಗುಡಿ ಸುತ್ತಿ ಬಂದಳು. ನಾನು ಬೇಡವೆನ್ನುವಷ್ಟರಲ್ಲಿ ಪ್ರಸಾದ ಕೈಗಿಟ್ಟಾಗಿತ್ತು.

ಅವಳ ಸೊಸೆ ಜಯಪ್ರಿಯಾ ಬಸುರಿಯಾದಾಗ ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆಗೆ ಬಾಟಲಿ ಕೊಟ್ಟರು. ನೆಲದ ಗುಂಡಿಯಲ್ಲಿ ಕೂತು ನೇಯುವ ಗುಂಡಿಮಗ್ಗಕ್ಕೆ ಇಳಿದರೆ ಮೂತ್ರಕ್ಕೆಂದು ಮತ್ತೆ ಮತ್ತೆ ಹತ್ತಿ ಬರಬೇಕಲ್ಲ ಎಂದು ನೀರೇ ಕುಡಿಯದ ಹುಡುಗಿ ಅದು. ಎಷ್ಟು ಹೊತ್ತಾದರೂ ಬಾಟಲಿ ಖಾಲಿ. ಬಸ್ಸಿಗೆ ಹೊತ್ತಾಗುತ್ತಿತ್ತು. ರಂಗನಾಯಕಿ ಬಾಟಲಿ ಕಸಿದುಕೊಂಡು ಹೋಗಿ ತುಂಬಿಸಿ ತಂದಳು.

“ಒಂದೇ ಮನೆ, ಒಂದೇ ಒಲೆ, ಒಂದೇ ಸಾಪಾಡು. ನಂದಾದ್ರೇನು, ನಿಂದಾದ್ರೇನು?”

ಮುಂದಿನ ವಾರ ಅತ್ತೆ ಸೊಸೆಯರ ಜೊತೆಗೆ ನಾನೂ ಹೋಗಿದ್ದೆ. ನರ್ಸ್ ಸೆಲ್ವಿ ಧರ್ಮಪುರಿ ಕಡೆಯವಳು, ನಮ್ಮಂತೆ ಕನ್ನಡವೇ ಆಡುತ್ತಾಳೆ. ರಿಪೋರ್ಟ್ ನೋಡಿ ನಕ್ಕಳು.

“ಕಿರುಮಿ ಏನೂ ಇಲ್ಲ, ಒಳ್ಳೇದಾಯ್ತು. ಕೆಲವ್ರಿಗೆ ಉರಿ ಇರಾಕಿಲ್ಲ, ನೋವಿರಾಕಿಲ್ಲ, ಒಳಗೆ ಮಾತ್ರ ಕಿರುಮಿ ಇರ್ತೈತೆ. ಬಸುರೀಲಿ ಅದು ಕಿಡ್ನಿಗೆ ಏರಿದ್ರೆ ಕಷ್ಟ. ಕೂಸು ಮುಂಚೇನೇ ಉಟ್ಬೋದು.”

ರಂಗನಾಯಕಿಯ ಮುಖ ಬಿಳಿಚಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಸೊಸೆಯಂತೂ ಅತ್ತೆಯನ್ನು ಬಿಟ್ಟುಕೊಡುವವಳಲ್ಲ. ಬಾಗಿಲಾಚೆ ನಮ್ಮ ಬೀದಿಯ ಅರ್ಧ ಹೆಂಗಸರು ಸಾಲಾಗಿ ಕೂತಿದ್ದರು.

“ಅಯ್ಯೋ ತಾಯೀ, ಅದು ನಂದು!” ಎಂದು ಕೂಗಿಯೇಬಿಟ್ಟಳು. “ನನ್ ಮಾನ ಓದ್ರೆ ಓಗ್ಲಿ, ಇವಳ್ದು ಇನ್ನೊಂದ್ಸಲ ನೋಡು!”

ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ರಂಗನಾಯಕಿ ಮಾತ್ರ ನಗದೆ ಹೋಗಿ ಸೊಸೆಗೆ ಕುಡಿಯಲು ನೀರು ತಂದಳು.

ಜಯಪ್ರಿಯಾ ನೀರು ಕುಡಿದು, ಕಾದು ಕೂತು, ತನ್ನದೇ ಬಾಟಲಿ ಕೊಟ್ಟಳು. ಈ ಸಲ ಕಿರುಮಿ ಇತ್ತು. ಉರಿಯಿಲ್ಲ, ಜ್ವರವಿಲ್ಲ, ಆದರೂ ಇತ್ತು. ಡಾಕ್ಟರು ಬಸುರಿಯರಿಗೆ ಆಗುವ ಮಾತ್ರೆ ಕೊಟ್ಟರು. ಮಾತ್ರೆ ಮುಗಿದ ಮೇಲೆ ಮತ್ತೆ ನೋಡಿದರೆ ಎಲ್ಲ ಹೋಗಿತ್ತು. ತಿಂಗಳು ತುಂಬಿಯೇ ಮೊಮ್ಮಗಳು ಹುಟ್ಟಿದಳು. ಅಜ್ಜಿಯ ಗಂಟಲೇ ಬಂದಿದೆ, ಬೀದಿಗೆಲ್ಲ ಕೇಳುತ್ತದೆ.

ರಂಗನಾಯಕಿಯ ಕೈ ಇನ್ನೂ ಸುಮ್ಮನಾಗಿಲ್ಲ. ನಿನ್ನೆ ಸೊಸೆ ಮಗ್ಗದಲ್ಲಿದ್ದಾಗ ಕಂಕುಳಲ್ಲಿ ಕೂಸು, ಕೈಯಲ್ಲಿ ಚೊಂಬು ಹಿಡಿದು ಬಂದು ನಿಂತಳು.

“ಸೀರೆ ನಾನ್ ನೇಯ್ತೀನಿ, ಕೂಸ್ನ ನಾನ್ ನೋಡ್ಕತೀನಿ. ನೀನು ನೀರು ಕುಡ್ದು, ಎದ್ದು ಓಗ್ಬಾ. ಅದೊಂದು ಮಾತ್ರ ನಿನ್ ಬದ್ಲು ನನ್ ಕೈಲಾಗಾಕಿಲ್ಲ ಕಣಮ್ಮೀ!”