ದುರುಗಣ್ಣನ ಬೆಳ್ಳಿಪಟ್ಟಿ

ಪ್ಲೇಗು ಬಂದುಹೋದ ಆಸುಪಾಸಿನ ಮಾತು. ಮೊಳಕಾಲ್ಮೂರಿನ ನೇಕಾರ ದುರುಗಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. ಜೊತೆಗೊಂದು ಹುಚ್ಚು. ಒಮ್ಮೆ ಕಾಲು ಕೊಯ್ದುಕೊಂಡಾಗ ಸವೆದ ಜರಿಯಂಚು ಸುತ್ತಿಕೊಂಡಿದ್ದ. ಗಾಯ ಕೀವಾಗದೆ ಒಣಗಿತ್ತು. ಅದು ಜರಿಯೊಳಗಿನ ಬೆಳ್ಳಿಯ ಗುಣವೆಂದು ನಂಬಿದ. ಅಂದಿನಿಂದ ಬರೀ ಬೆಳ್ಳಿಯ ಎಳೆಯನ್ನು ಹತ್ತಿ ನೂಲಿನ ಜೊತೆ ಹೊಸೆದು, ಎಷ್ಟು ಒಗೆದರೂ ಬೆಳ್ಳಿ ಬಿಡದ ಗಾಯದ ಪಟ್ಟಿ ನೇಯಲು ಹೆಣಗುತ್ತಿದ್ದ. ಬೆಳ್ಳಿಯೆಳೆಗಾಗಿ ಚಳ್ಳಕೆರೆಯ ಹುಸೇನ್ ಸಾಬರ ಅಂಗಡಿಗೆ ಗಾಡಿ ಕಟ್ಟುವುದೇ ಕಟ್ಟುವುದು. ಸೀರೆ ನೇಯುವ ಭಾರವೆಲ್ಲ ತಮ್ಮ ಜಂಪಣ್ಣನ ಮೇಲೆ ಬಿತ್ತು.

ಹಳೆ ಜರಿಸೀರೆ ಸುಟ್ಟು ಬೆಳ್ಳಿ ತೆಗೆಯುವುದು ಕೇರಿಯ ವಾಡಿಕೆ. ರೋಸಿಹೋದ ಜಂಪಣ್ಣ ಒಂದು ದಿನ ಅಣ್ಣನ ಪಟ್ಟಿಗಳನ್ನೆಲ್ಲ ಅಂಗಳದಲ್ಲಿ ಗುಡ್ಡೆ ಹಾಕಿ ಬೆಂಕಿಯಿಟ್ಟ. ದುರುಗಣ್ಣ ಮಚ್ಚು ಹಿಡಿದೇ ಓಡಿಬಂದು ಬೀಸಿದ. ತಡೆಯಲು ತಮ್ಮ ಎತ್ತಿದ ಬಲಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಸೀಳಿತು. ಚಿಮ್ಮಿದ ರಕ್ತ ಉರಿಯುವ ಬಟ್ಟೆಯ ಮೇಲೆ ಚುರ್ರೆಂದಿತು.

ಮಗ್ಗದಲ್ಲಿ ಉಳಿದಿದ್ದ ಪಟ್ಟಿಯನ್ನೇ ಕತ್ತರಿಸಿ ದುರುಗಣ್ಣ ಗಾಯಕ್ಕೆ ಕಟ್ಟಿದ. ಆದರೂ ಕೈ ಊದಿತು, ನಾರಿತು. ಚಳ್ಳಕೆರೆಯಿಂದ ಬಂದ ಡಾಕ್ಟರು, ನಾಳಿದ್ದಿಗೆ ಊತ ಇಳಿಯದಿದ್ದರೆ ಮೊಣಕೈವರೆಗೆ ಕತ್ತರಿಸಬೇಕು ಎಂದು ಹೇಳಿ ಹೋದರು. ಲಾಳಿ ಎಸೆಯುವ ಕೈ ಹೋದರೆ ನೇಕಾರನಿಗೆ ಉಳಿಯುವುದೇನು?  ದುರುಗಣ್ಣ ಪಟ್ಟಿ ಬಿಚ್ಚಿ ಬೆರಳಲ್ಲಿ ತಿಕ್ಕಿದ. ಅಂಟಂಟು. ಸೀರೆ ನೇದು ರೂಢಿಯಾದ ಕೈ, ಈ ನೂಲಿಗೂ ಗಂಜಿ ಹಾಕಿಬಿಟ್ಟಿತ್ತು. ಆ ಗಂಜಿ ಬೆಳ್ಳಿಯನ್ನು ಮುಚ್ಚಿ, ಗಾಯದ ಬಿಸಿಗೆ ಹಳಸುತ್ತಿತ್ತು.

ಪಟ್ಟಿಯನ್ನು ಬೂದಿನೀರಲ್ಲಿ ಕುದಿಸಿ, ಬಂಡೆಗೆ ಬಡಿದು ಬಡಿದು ಒಗೆದ. ಒಂದೆಳೆ ಬೆಳ್ಳಿಯೂ ಬಿಡಲಿಲ್ಲ. ಅವ್ವ ರಂಗಕ್ಕನನ್ನು ತಮ್ಮನ ಕಾಲ ಮೇಲೆ ಕೂರಿಸಿ, ತಾನು ಅವನ ಎದೆಗೆ ಮಂಡಿಯೂರಿ, ಕೊಳೆತ ಮಾಂಸ ಕೊಯ್ದು ತೆಗೆದ. ಜಂಪಣ್ಣ ಅಣ್ಣನ ತೋಳು ಕಚ್ಚಿದ. ಹಲ್ಲು ನಾಟಿ ನೆತ್ತರಿಳಿಯಿತು. ಆದರೂ ಅಣ್ಣ ಬಿಡದೆ ಒಗೆದ ಪಟ್ಟಿಯನ್ನು ಗಾಯಕ್ಕೆ ಬಿಗಿದ.

"ಈ ಕೈ ಉಳೀಲಿ ಕಣಲೇ," ಎಂದ ಜಂಪಣ್ಣ, "ಮೊದ್ಲು ನಿನ್ನ ಹಲ್ಲು ಉದುರಿಸ್ತೀನಿ."

ಡಾಕ್ಟರು ಹೇಳಿದ ದಿನ ಬರುವಷ್ಟರಲ್ಲಿ ಊತ ಇಳಿದಿತ್ತು, ನಾತ ಹೋಗಿತ್ತು. ಗಾಯ ಕೂಡುವವರೆಗೂ ಅಣ್ಣ ದಿನಾ ಅದೇ ಪಟ್ಟಿ ಒಗೆದು ಕಟ್ಟಿದ, ತಮ್ಮ ದಿನಾ ಬೈದ.

ಕಟ್ಟು ಬಿಚ್ಚಿದ ದಿನ ಜಂಪಣ್ಣ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದ. ಎಲ್ಲವೂ ಮಡಚಿದವು. ಅದೇ ಮುಷ್ಟಿಯಲ್ಲಿ ಅಣ್ಣನ ಬಾಯಿಗೆ ಗುದ್ದಿದ. ದುರುಗಣ್ಣ ಮಗ್ಗದ ಗುಂಡಿಗೆ ಮಗುಚಿ ಬಿದ್ದ. ತುಟಿ ಹರಿದು, ಮುಂದಿನ ಹಲ್ಲೊಂದು ಅಂಗೈಗೆ ಬಂತು. ಅದನ್ನು ಕಂಡು ಅವನಿಗಾದ ಸಂತೋಷ ಇಷ್ಟಿಷ್ಟಲ್ಲ.

"ಅವ್ವಾ, ಕೈ ಗಟ್ಟಿ ಐತೆ," ಎಂದ, ರಕ್ತ ಉಗಿಯುತ್ತ.

ರಂಗಕ್ಕ ಅದೇ ಪಟ್ಟಿಯನ್ನು ಮತ್ತೆ ಕುದಿಸಲು ಒಲೆಯ ಮೇಲೆ ನೀರಿಟ್ಟಳು.