ರಸ್ತೆಯದಲ್ಲದ ಸಪ್ಪಳ

ಸ್ಟೀರಿಂಗ್ ಬಲಕ್ಕೆ ತಿರುಗಿಸಿದೆ. ಎಡಗಾಲಿ ಎಡಕ್ಕೇ ಹೋಯಿತು. ಮಾಗಡಿ ಕೆರೆ ದಾಟಿ ಸ್ವಲ್ಪ ದೂರದಲ್ಲಿ ಕಾರು ರಸ್ತೆ ಬಿಟ್ಟು ಹೊಲಕ್ಕಿಳಿದು ನಿಂತಿತು. ಪಕ್ಕದಲ್ಲಿದ್ದವರು, ಗದಗಿನ ಆಸ್ಪತ್ರೆಗೆ ತೋರಿಸಲು ಕರೆದೊಯ್ಯುತ್ತಿದ್ದ ಶಿರಹಟ್ಟಿಯ ಗಂಗವ್ವ. ಪಾರ್ಶ್ವವಾಯು ಬಡಿದು ಮಲಗಿದ್ದ ಅವರಿಗೆ ವ್ಯಾಯಾಮ ಮಾಡಿಸಿ, ಈಗಷ್ಟೇ ನಾಲ್ಕು ಹೆಜ್ಜೆ ನಡೆಯುವಂತೆ ಮಾಡಿದ್ದೆ.

"ಈಗರ ಕಾಲು ಬಂದಿದ್ವು, ಜೀವಾನ ಹೋಗತಿತ್ತಲ್ಲವಾ!" ಎಂದು ಅವರು ನನ್ನ ಕೈ ಹಿಡಿದರು.

ಫಿಸಿಯೋಥೆರಪಿ ಕೆಲಸಕ್ಕೆಂದು ನಾನು ಮೈಸೂರಿನಿಂದ ಲಕ್ಷ್ಮೇಶ್ವರಕ್ಕೆ ಬಂದು ಎಂಟು ತಿಂಗಳು. ನಮ್ಮಲ್ಲಿ 'ಸದ್ದು' ಅನ್ನುವುದಕ್ಕೆ ಇಲ್ಲಿ 'ಸಪ್ಪಳ' ಅನ್ನುತ್ತಾರೆ. ಗುಂಡಿಗೆ ಇಳಿದಾಗಲೆಲ್ಲ ಮುಂದಿನ ಗಾಲಿಯಲ್ಲಿ ಟಕ್ ಟಕ್ ಅನ್ನುತ್ತಿದ್ದ ಸಪ್ಪಳವನ್ನು ಗದಗಿನ ಗ್ಯಾರೇಜಿನವನಿಗೆ ಮೂರು ಸಲ ಹೇಳಿದ್ದೆ. ಮೂರು ಸಲವೂ ಒಂದೇ ಮಾತು: "ಮೇಡಂ, ಇದು ನಿಮ್ಮ ಮೈಸೂರ ರಸ್ತೆ ಅಲ್ಲರಿ. ರಸ್ತೇದ ಸಪ್ಪಳ ಅದು." ಊರಿಗೆ ಹೊಸಬಳು, ನಂಬಿದೆ.

ಕಾರನ್ನು ಲಕ್ಷ್ಮೇಶ್ವರಕ್ಕೆ ಎಳೆತಂದ ಮೇಲೆ ಮೆಕ್ಯಾನಿಕ್ ಮೌಲಾಸಾಬರು ನನ್ನನ್ನೇ ಬೈದರು. "ಇಷ್ಟ ದಿನ ಸಪ್ಪಳ ಕೇಳಿಸ್ಕೋತ ಓಡಿಸೀರಿ? ಖರೇನ?" ಗಾಲಿಯನ್ನು ತಿರುಗಿಸುವ ಟೈ ರಾಡ್ ತುದಿಯ ಗುಂಡುಕೀಲು ಕಳಚಿತ್ತು. ಅದರ ರಬ್ಬರ್ ಟೋಪಿ ಹರಿದು, ಗ್ರೀಸ್ ಸೋರಿ, ಧೂಳು ತುಂಬಿ, ಕೀಲು ಎಂದೋ ಸವೆದುಹೋಗಿತ್ತು. ಟೈರಿನ ಒಳಅಂಚೂ ಬೋಳಾಗಿತ್ತು. ಹೊಸದು ಹಾಕಿ, ಇನ್ನೊಂದು ಗಾಲಿಯನ್ನು ಜಾಕಿನ ಮೇಲೆತ್ತಿದರು. "ಕುಂಡ್ರಿ. ಎಡಕ್ಕ ಬಲಕ್ಕ ಹಿಡದು ಅಲಗಾಡಿಸ್ರಿ. ಆಟ ಬಂತಂದ್ರ, ಸಡ್ಲ ಆಗಿ ಅಲಗಾಡಿತಂದ್ರ, ಕೀಲು ಸವದೈತಿ ಅಂತ. ಬದಲಿ ಮಾಡಿದ ಮ್ಯಾಲೆ ಗಾಲಿ ನೆಟ್ಟಗ ಮಾಡೋ ಅಲೈನ್‌ಮೆಂಟ್ ಮಾಡಸಾಕ ಬೇಕು." ಮಂಡಿಯೂರಿ ಕಲಿತೆ. ಮನುಷ್ಯರ ಕೀಲು ನೋಡುವ ನನಗೆ ಇದು ತಿಳಿದಿರಲಿಲ್ಲವಲ್ಲ ಎಂದು ಸಿಟ್ಟು ಇನ್ನೂ ಏರಿತು.

ಮರುದಿನ ಬಸ್ಸು ಹತ್ತಿ, ಕಳಚಿದ ಕೀಲನ್ನು ಗದಗಿನವನ ಮೇಜಿನ ಮೇಲೆ ಬಡಿದಿಟ್ಟೆ.

"ನಿಮ್ಮ ಯಜಮಾನ್ರನ್ನ ಕರ್ಕೊಂಡ ಬರ್ರಿ, ಅವ್ರಿಗೆ ತಿಳಿಸಿ ಹೇಳ್ತೇನಿ," ಅಂದ.

ಅಲ್ಲೇ ಜಾಕಿನ ಮೇಲೊಂದು ಕಾರಿತ್ತು. ಅದರ ಗಾಲಿ ಹಿಡಿದು ಅಲುಗಾಡಿಸಿದೆ. ಟಕ್ ಟಕ್. "ಇಲ್ಲಿ ರಸ್ತೆ ಎಲ್ಲೈತ್ರಿ? ಮಂದಿ ಜೀವ ಅಂದ್ರ ಏನಂತ ತಿಳಕೊಂಡೀರಿ?" ನನ್ನ ಬಾಯಿಂದ ಬಂದ ಇಲ್ಲಿಯ ಕನ್ನಡಕ್ಕೆ ನಾನೇ ಬೆಚ್ಚಿದೆ.

ಆ ಕಾರಿನ ಮಾಲೀಕರು, ಹುಲಕೋಟಿಯ ರೈತರೊಬ್ಬರು, ಚಹಾದ ಲೋಟ ಕೆಳಗಿಟ್ಟು ಎದ್ದರು. "ಲೇ, ನನಗೂ ರಸ್ತೇದ ಸಪ್ಪಳ ಅಂದಿದ್ದಿಯಲ್ಲೋ!"

ಗ್ಯಾರೇಜಿನವನು ಕ್ಷಮೆ ಕೇಳಲಿಲ್ಲ. ಆದರೆ ನಮ್ಮಿಬ್ಬರ ಕಣ್ಣೆದುರೇ ಆ ಕೀಲು ಬದಲಿಸಿದ. ಬದಲಿಸುತ್ತ, "ಹೊರಗಿನಿಂದ ಬಂದೋರು..." ಎಂದು ಗೊಣಗಿದ.

ಸಂಜೆ ಮೈಸೂರಿನ ಅಕ್ಕನಿಗೆ ಫೋನಿನಲ್ಲಿ ಇಲ್ಲಿಯ ಮಾತಿನಲ್ಲೇ ಎಲ್ಲ ಹೇಳಿದೆ. "ಯಾಕೆ ಇಷ್ಟು ಒರಟಾಗಿ ಮಾತಾಡ್ತೀಯೇ? ನೀನು ನಮ್ಮವಳೇ ಅಲ್ಲ ಅನ್ನಿಸತ್ತೆ," ಅಂದಳು. ಅವಳ ಮೇಲೂ ಸಿಟ್ಟು ಬಂತು. ಅವಳ ಜೊತೆ ಯಾವ ಕನ್ನಡದಲ್ಲಿ ಜಗಳವಾಡಬೇಕೆಂದು ತಿಳಿಯದೆ ಫೋನಿಟ್ಟೆ.